ರವಿಕೀರ್ತಿಯ ನೌಕಾಪದ್ಯವೂ ಅದನ್ನು ಓದುವವರಿಗೆ ಬೇಕಾದ ಶಬ್ದಗಳೂ

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಊರಿನ ಮಗ್ಗುಲಿಗಿರುವ ಗುಡ್ಡವನ್ನೇರಿದವರಿಗೆ ಮೇಗುತಿಯೆಂದು ಪ್ರಸಿದ್ಧವಾದ ಜಿನಾಲಯವು ಎದುರಾಗುತ್ತದೆ. ಅದರ ಪೂರ್ವದ ಗೋಡೆಯಲ್ಲಿ ಕೆತ್ತಿರುವ ಶಾಸನವು ಸಂಸ್ಕೃತ ಭಾಷೆಯದು, ಲಿಪಿಯು ಹಳಗನ್ನಡದ್ದು. ಜಿನಾಲಯವನ್ನು ಕಟ್ಟಿಸಿದವನೂ ಕಾವ್ಯವನ್ನು ರಚಿಸಿದವನೂ ಒಬ್ಬನೇ, ರವಿಕೀರ್ತಿ. ಕಾಲವನ್ನು ಅವನೇ ಎರಡು ಬಗೆಯಾಗಿ ಹೇಳಿದ್ದಾನೆ: ಭಾರತಯುದ್ಧವಾಗಿ 3735 ವರ್ಷಗಳು ಸಂದ ಮೇಲೆ, ಶಕವರ್ಷ 556 ರಲ್ಲಿ, ಅಂದರೆ ಕ್ರಿ. ಶ. 634-35 ರಲ್ಲಿ. ಬಾದಾಮಿಯ ಚಲುಕ್ಯರಲ್ಲಿ ಅಗ್ರಗಣ್ಯನಾದ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಈ ಕವಿಯು ಕೀರ್ತಿಯಲ್ಲಿ ತಾನು ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಂಡುದರಿಂದ ಆ ಇಬ್ಬರು ಮಹಾಕವಿಗಳ ಕಾಲನಿರ್ಣಯಕ್ಕೂ ಈ ಕಲ್ಲೇ ಆಧಾರವಾಯಿತು. ಫ್ಲೀಟ್ ಸಾಹೇಬರು 1876 ರಲ್ಲಿ ಇದನ್ನು ಪ್ರಕಟಿಸಿದರು; ಅನಂತರ ಕೀಲ್‌ಹಾರ್ನ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಪಾಠವನ್ನು ಶೋಧಿಸಿ ಅಚ್ಚು ಹಾಕಿಸಿದರು. ಈ ಶಾಸನವನ್ನು ಕುರಿತು ಅಂದಿನಿಂದ ಬರೆದವರು ಅನೇಕರು.

ಆದರೆ ಹೀಗೆ ಬರೆದವರು ಬಹುಮಟ್ಟಿಗೆ ನರ್ಮದೆಯ ತೀರದಲ್ಲಿ ಹರ್ಷನ ಹರ್ಷವಳಿದ ಸಂಗತಿಯನ್ನೇ ಎತ್ತಿ ಆಡುತ್ತಾರೆ. ಮೂವತ್ತೇಳು ಪದ್ಯಗಳ ಈ ಪ್ರಶಸ್ತಿಯ ನಡುವೆ ಹಡಗುಗಳನ್ನು ವರ್ಣಿಸುವ ಪದ್ಯವೊಂದಿರುವುದನ್ನು ಕೆಲವರೇ ನಿಂತು ನೋಡಿದ್ದಾರೆ. ನೋಡಿದವರಲ್ಲಿಯೂ ಎರಡು ಪಕ್ಷಗಳುಂಟು. ಚಲುಕ್ಯರಿಗೆ ಮಹತ್ತಾದ ನೌಕಾಬಲವಿತ್ತೆಂದೂ ಪಶ್ಚಿಮ ಸಮುದ್ರವೆಲ್ಲವೂ ಅವರ ಅಧೀನದಲ್ಲಿತ್ತೆಂದೂ ಅದೊಂದೇ ಪದ್ಯದ ಬಲದಿಂದ ಸಾಧಿಸುವವರು ಒಂದು ಪಕ್ಷ. ಕವಿಗಳು ನೂರೆಂದರೆ ಹತ್ತು, ಹತ್ತೆಂದರೆ ಒಂದು, ಆದುದರಿಂದ ಇದು ಬರಿಯ ಅಲಂಕಾರವೆಂದು ತಳ್ಳಿಬಿಡುವವರು ಇನ್ನೊಂದು ಪಕ್ಷ. ಇಬ್ಬರೂ ಪದ್ಯದ ತಾತ್ಪರ್ಯವನ್ನು ಕೇಳಿ ಬಲ್ಲವರೇ ಹೊರತು ಅದರ ಶಬ್ದಗಳನ್ನು ಒಂದೊಂದಾಗಿ ತೂಗಿದವರಲ್ಲ. ಶಬ್ದಗಳನ್ನು ತೂಗಿದರೆ ಪದ್ಯವು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲವೆಂಬುದು ತಾನೇ ಸ್ಪಷ್ಟವಾಗುವುದು.

ಸಮುದ್ರವು ಈ ಕಾವ್ಯಕ್ಕೆ ಹೊರಗಿನದಲ್ಲವೆಂಬುದನ್ನು ಮೊದಲು ಗಮನಿಸಬೇಕು. ಪ್ರಥಮ ಪದ್ಯದಲ್ಲಿಯೇ ಜಿನೇಂದ್ರನ ಜ್ಞಾನವು ಸಮುದ್ರ, ಸಕಲ ಜಗತ್ತು ಅದರೊಳಗಿನ ಒಂದು ದ್ವೀಪ. ದ್ವಿತೀಯ ಪದ್ಯದಲ್ಲಿ ಚಲುಕ್ಯ ಕುಲವು ವಿಶಾಲವಾದ ಸಮುದ್ರ, ಅದರಲ್ಲಿ ಹುಟ್ಟಿದ ಪುರುಷರು ರತ್ನಗಳು. ಮುಂದೆ ಮಂಗಳೇಶನು ರೇವತೀದ್ವೀಪವನ್ನು ಮುತ್ತಿದಾಗ ಪತಾಕೆಗಳಿಂದ ಕೂಡಿದ ಅವನ ಸೈನ್ಯವು ಸಮುದ್ರದ ನೀರಿನಲ್ಲಿ ಪ್ರತಿಬಿಂಬಿಸಿ, ಅಪ್ಪಣೆ ಪಡೆದು ಬಂದ ವರುಣನ ದಂಡಿನಂತೆ ಕಂಡಿತು. ಪುಲಕೇಶಿಯು ವನವಾಸಿಯನ್ನು ಮುತ್ತಿದಾಗ ಅವನ ಸೇನೆಯೆಂಬ ಕಡಲು ಸುತ್ತಲಿನ ನೆಲವನ್ನು ಮುಚ್ಚಿದುದರಿಂದ ಸ್ಥಲದುರ್ಗವೇ ಜಲದುರ್ಗವಾಯಿತು. ಕೊಂಕಣದ ಮೌರ್ಯರು ಸಣ್ಣ ಹೊಂಡಗಳ ನೀರು. ಅರಸನ ದಂಡು ಅವರನ್ನು ಕೊಚ್ಚಿಕೊಂಡು ಹೋದ ತೆರೆ. ಹೀಗೆ ನೆಲದ ಯುದ್ಧಗಳನ್ನೂ ನೀರಿನ ಮಾತಿನಲ್ಲಿ ಹೇಳುತ್ತ ಬಂದ ಕವಿಯು ಇಪ್ಪತ್ತೊಂದನೆಯ ಪದ್ಯದಲ್ಲಿ ನಿಜವಾದ ಸಮುದ್ರಕ್ಕೆ ಬಂದು ನಿಲ್ಲುತ್ತಾನೆ.

ಆ ಪದ್ಯದ ತಾತ್ಪರ್ಯವು ಹೀಗಿದೆ: ತ್ರಿಪುರಹರನಂತೆ ಕಾಂತಿಯುಳ್ಳ ಅರಸನು ಪಶ್ಚಿಮ ಸಮುದ್ರದ ಲಕ್ಷ್ಮಿಯಾದ ಪುರಿಯನ್ನು, ಮದ್ದಾನೆಗಳ ಸಾಲಿನ ಆಕಾರದ ನೂರಾರು ಹಡಗುಗಳಿಂದ ಮರ್ದಿಸುತ್ತಿರಲು, ಮೋಡಗಳ ದಂಡು ಕವಿದ, ಹೊಸ ನೈದಿಲೆಯಂತೆ ಕಪ್ಪಾದ ಆಕಾಶವು ಸಮುದ್ರದಂತಾಯಿತು, ಸಮುದ್ರವು ಆಕಾಶಕ್ಕೆ ಸಮನಾಯಿತು. ವೃತ್ತವು ಹರಿಣಿ, ಪಾದಕ್ಕೆ ಹದಿನೇಳು ಅಕ್ಷರಗಳು. ಮೊದಲು ಐದು ಲಘುಗಳು ಓಡುತ್ತವೆ, ಕೂಡಲೇ ಐದು ಗುರುಗಳು ತಡೆದು ನಿಲ್ಲುತ್ತವೆ. ತೆರೆಯು ಓಡಿಬಂದು ದಂಡೆಯಲ್ಲಿ ನಿಂತಂತೆ ಕಿವಿಗೆ ಕೇಳಿಸುವುದು.

ಇನ್ನು ಶಬ್ದಗಳು. ಅಪರವೆಂದರೆ ಇಲ್ಲಿ ಬೇರೆಯದೆಂಬ ಅರ್ಥವಲ್ಲ, ಪಶ್ಚಿಮವೆಂದರ್ಥ. ಸೂರ್ಯೋದಯಕ್ಕೆ ಮುಖ ಮಾಡಿ ನಿಂತವನಿಗೆ ಮುಂದಿನದು ಪೂರ್ವ, ಬಲಗಡೆಯದು ದಕ್ಷಿಣ, ಬೆನ್ನ ಹಿಂದಿನದು ಅಪರ. ಮಲಪ್ರಭೆಯ ದಡದಲ್ಲಿರುವವರಿಗೆ ಈ ಮಾತು ಸಾರ್ಥಕವಾದುದು. ಯಾಕಂದರೆ ಆ ನದಿಯು ಪಶ್ಚಿಮ ಸಮುದ್ರಕ್ಕೆ ಸಮೀಪವಾದ ಕಣಕುಂಬಿಯ ಘಟ್ಟದಲ್ಲಿ ಹುಟ್ಟಿಯೂ ಆ ಸಮುದ್ರಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಬಾದಾಮಿಯ ಅರಸನು ಸಮುದ್ರವನ್ನು ಮುಟ್ಟಬೇಕಾದರೆ ತನ್ನ ನದಿಯ ಹರಿವಿಗೆ ವಿರುದ್ಧವಾಗಿ ನಡೆದು ಘಟ್ಟವನ್ನಿಳಿಯಬೇಕಾಗಿತ್ತು.

ಲಕ್ಷ್ಮಿಯೆಂದರೆ ಸಂಪತ್ತು, ಆದರೆ ಲಕ್ಷ್ಮಿಯು ಸಮುದ್ರರಾಜನ ಮಗಳೂ ಅಹುದು. ಕಡಲಿನಿಂದ ಬಂದ ವ್ಯಾಪಾರದಿಂದ ಬೆಳೆದ ಪಟ್ಟಣವನ್ನು ಕಡಲಿನ ಲಕ್ಷ್ಮಿಯೆಂದು ಕರೆದುದರಲ್ಲಿ ಪುರಾಣವೂ ಇದೆ, ವರ್ತಮಾನವೂ ಇದೆ. ಪುರಿಯೆಂಬುದು ಊರಿನ ಹೆಸರು. ಪುರಭಿತ್ ಎಂದರೆ ತ್ರಿಪುರವನ್ನು ಭೇದಿಸಿದ ಶಿವ. ಪುರವನ್ನು ಒಡೆದವನಂಥ ಅರಸನು ಪುರಿಯನ್ನು ಒಡೆಯುತ್ತಾನೆಂಬ ಚಮತ್ಕಾರವು ಊರಿನ ಹೆಸರು ನಿಜವಾಗಿ ಪುರಿಯೆಂದಿದ್ದರೆ ಮಾತ್ರ ನಿಲ್ಲುವುದು. ಉತ್ತರ ಕೊಂಕಣವನ್ನು ಮುಂದೆ ಆಳಿದ ಶಿಲಾಹಾರರ ಶಾಸನಗಳಲ್ಲಿಯೂ ಈ ಪುರಿಯ ಹೆಸರು ಬರುತ್ತದೆ. ಅದು ಮುಂಬಯಿಯ ಬಂದರದೊಳಗಿನ ಘಾರಾಪುರಿಯೆಂದು ಕೆಲವು ಪಂಡಿತರೂ, ಜಂಜೀರೆಯ ಬಳಿಯ ರಾಜಪುರಿಯೆಂದು ಬೇರೆ ಕೆಲವರೂ ಹೇಳುತ್ತಾರೆ. ಎರಡೂ ಹಡಗುಗಳಿಲ್ಲದೆ ಗೆಲ್ಲತಕ್ಕ ಸ್ಥಳಗಳಲ್ಲವೆಂಬಷ್ಟು ಇಲ್ಲಿ ಸಾಕು.

ಘಟಾ ಎಂಬ ಶಬ್ದದಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. ಕೊಡವೆಂಬ ಅರ್ಥದ ಘಟವು ಪುಲ್ಲಿಂಗ. ಇದು ಸ್ತ್ರೀಲಿಂಗದ ಘಟಾ, ಆನೆಗಳ ವ್ಯೂಹ. ಹಳಗನ್ನಡದ ಕವಿಗಳು ಗಜಘಟೆಯೆನ್ನುವುದು ಇದನ್ನೇ. ದಟ್ಟವಾಗಿ ಕೂಡಿದ ಮೋಡಗಳಿಗೂ ಇದೇ ಶಬ್ದವು ಸಲ್ಲುವುದರಿಂದ, ಮುಂದೆ ಬರಲಿರುವ ಮೋಡಗಳ ಸುಳುಹನ್ನು ಕವಿಯು ಆನೆಗಳ ಸಾಲಿನಲ್ಲಿಯೇ ಇಟ್ಟಿದ್ದಾನೆ. ಅವಮೃದ್ನತಿ ಎಂಬುದು ಕ್ರಿಯಾಪದವೆಂದು ತೋರಿದರೂ ಹಾಗಲ್ಲ. ಅದು ಸಪ್ತಮೀ ವಿಭಕ್ತಿಯ ಕೃದಂತ. ಪದ್ಯದ ಪೂರ್ವಾರ್ಧವೆಲ್ಲವೂ ಸತಿಸಪ್ತಮಿ. ಅರಸನು ಹೀಗೆ ಮಾಡುತ್ತಿರಲು ಎಂಬ ಹಿನ್ನೆಲೆ. ಮುಖ್ಯವಾಕ್ಯದ ಕರ್ತೃವು ಅರಸನಲ್ಲ, ಹಡಗುಗಳೂ ಅಲ್ಲ, ಸಮುದ್ರ. ಮೃದ್ ಧಾತುವಿನ ಅರ್ಥವು ತುಳಿದು ನುಗ್ಗುಮಾಡುವುದು. ಹಡಗು ತುಳಿಯುವುದಿಲ್ಲ, ಆನೆಯು ತುಳಿಯುತ್ತದೆ. ಹಡಗನ್ನು ಆನೆಯೆಂದ ಮೇಲೆ ಕ್ರಿಯೆಯನ್ನೂ ಆನೆಯದನ್ನೇ ಆರಿಸಿರುವುದು ಕವಿಯ ಎಚ್ಚರ. ವನವಾಸಿಯ ಮುತ್ತಿಗೆಗೂ ಅವನು ಇದೇ ಧಾತುವನ್ನು ಬಳಸಿದ್ದಾನೆ.

ಜಲದ, ಜಲಧಿ ಎಂಬೆರಡನ್ನು ಬೇರೆಬೇರೆಯಾಗಿ ತಿಳಿಯದಿದ್ದರೆ ಉತ್ತರಾರ್ಧವೆಲ್ಲ ಮಸಕಾಗುವುದು. ನೀರನ್ನು ಕೊಡುವುದು ಜಲದ, ಅಂದರೆ ಮೋಡ. ನೀರನ್ನು ಧರಿಸುವುದು ಜಲಧಿ, ಅಂದರೆ ಸಮುದ್ರ. ಮೇಚಕವೆಂದರೆ ಕಪ್ಪುಗಲಸಿದ ನೀಲಿ. ಅನೀಕವೆಂದರೆ ಸೈನ್ಯ. ಮೇಲೆ ಆಕಾಶದಲ್ಲಿ ಮೋಡಗಳ ಸೈನ್ಯ. ಕೆಳಗೆ ಸಮುದ್ರದಲ್ಲಿ ಹಡಗುಗಳ ಸೈನ್ಯ. ಎರಡೂ ಕಪ್ಪು, ಎರಡೂ ಆನೆಯ ಬಣ್ಣದವು. ಇದು ಅದರಂತೆ, ಅದು ಇದರಂತೆ ಎಂದು ಪರಸ್ಪರ ಹೋಲಿಸುವುದನ್ನು ಆಲಂಕಾರಿಕರು ಉಪಮೇಯೋಪಮೆಯೆನ್ನುತ್ತಾರೆ. ಈ ಎರಡಕ್ಕೆ ಮೂರನೆಯ ಸಮಾನವಸ್ತುವಿಲ್ಲವೆಂಬುದು ಅದರ ಭಾವ.

ಹಡಗಿಗೆ ಕವಿಯು ಬಳಸಿದುದು ಒಂದೇ ಶಬ್ದ, ನೌ. ಇದು ಬಹು ಪುರಾತನವಾದುದು. ಋಗ್ವೇದದಲ್ಲಿ ಅಶ್ವಿನೀದೇವತೆಗಳು ಸಮುದ್ರದಲ್ಲಿ ಸಿಕ್ಕಿಬಿದ್ದ ಭುಜ್ಯುವನ್ನು ನೂರು ಹುಟ್ಟುಗಳ ನಾವೆಯಲ್ಲಿ ಪಾರುಗಾಣಿಸಿದ ಕಥೆಯಿದೆ. ಗ್ರೀಕರ ನೌಸ್, ರೋಮಕರ ಲ್ಯಾಟಿನ್ ಭಾಷೆಯ ನಾವಿಸ್, ನಮ್ಮ ನೌ, ಇವು ಒಂದೇ ಮೂಲದ ಮಕ್ಕಳು. ಹುಟ್ಟಿಗೆ ವೇದದಲ್ಲಿರುವ ಅರಿತ್ರವೂ ಲ್ಯಾಟಿನ್ನಿನ ರೇಮುಸ್ ಎಂಬುದೂ ಹಾಗೆಯೇ ಬಂಧುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ.

ಲ್ಯಾಟಿನ್ನಿನ ಮಾತು ಬಂದುದರಿಂದ ಆ ಭಾಷೆಯಲ್ಲಿಯ ಪ್ರಸಿದ್ಧವಾದ ಹಡಗಿನ ಕವಿತೆಗಳನ್ನು ಇದರ ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಕ್ರಿಸ್ತಪೂರ್ವ ಪ್ರಥಮ ಶತಮಾನದ ಕ್ಯಾಟಲಸ್ ಕವಿಯ ಒಂದು ಕವಿತೆಯಲ್ಲಿ ಮುದಿಯಾದ ಹಡಗೊಂದು ಸರೋವರದ ದಡದಲ್ಲಿ ನಿಂತು ತನ್ನ ಪೂರ್ವಚರಿತ್ರೆಯನ್ನು ತಿಳಿಸುತ್ತದೆ: ತಾನು ಮೊದಲು ಬೆಟ್ಟದ ಮೇಲಣ ಕಾಡಾಗಿದ್ದುದು, ಮಾತಾಡುವ ಎಲೆಗಳಿಂದ ಗಾಳಿಗೆ ಸದ್ದು ಮಾಡುತ್ತಿದ್ದುದು, ಹಡಗಾಗಿ ಸಮುದ್ರಗಳನ್ನು ದಾಟಿದುದು, ಈಗ ಅವಳಿ ದೇವತೆಗಳಿಗೆ ಅರ್ಪಿತವಾಗಿ ವಿಶ್ರಮಿಸುತ್ತಿರುವುದು. ಅದನ್ನು ಓದುವವನಿಗೆ ಬೇಕಾದ ಶಬ್ದಗಳು ಬೇರೆ ತೆರನಾದವು. ಹಡಗಿಗೆ ಅಲ್ಲಿ ಫಸೇಲಸ್ ಎಂದು ಹೆಸರು. ಅವರೆಯಂಥ ಕಾಯಿಯ ಹೆಸರು ಅದರ ಆಕಾರದ ನಾವೆಗೆ ಬಂದುದು. ಟ್ರಾಬ್ಸ್ ಎಂದರೆ ತೊಲೆ, ಅದೇ ಹಡಗು. ಪಾಲ್ಮುಲ ಎಂದರೆ ಚಿಕ್ಕ ಅಂಗೈ. ಅದೇ ಹುಟ್ಟಿನ ಅಲಗು. ಲಿಂಟೆಯುಮ್ ಎಂದರೆ ನಾರಿನ ಬಟ್ಟೆ, ಅದೇ ಹಾಯಿ. ಇಳಕಲ್ಲಿನಂಥ ನೇಯ್ಗೆಯ ಊರಿನವರಿಗೆ ಇದು ವಿಚಿತ್ರವಾಗಿ ತೋರಲಾರದು. ಕನ್ನಡದಲ್ಲಿಯೂ ಪಟವೆಂದರೆ ಬಟ್ಟೆಯೂ ಅಹುದು, ಹಾಯಿಯೂ ಅಹುದು. ಹೊರೇಸ್ ಕವಿಯ ಇನ್ನೊಂದು ಹಡಗಿನ ಕವಿತೆಯಲ್ಲಿ ಕೂವೆಮರ, ಅಡ್ಡಗಳು, ಹಗ್ಗ, ಅಡಿಮರ ಇವೆಲ್ಲ ಹೆಸರು ಹಿಡಿದು ಬರುತ್ತವೆ. ಅಲ್ಲಿ ಹಡಗೆಂದರೆ ರಾಜ್ಯ, ಬಿರುಗಾಳಿಯೆಂದರೆ ಅಂತಃಕಲಹ, ಬಂದರವೆಂದರೆ ಶಾಂತಿಯೆಂದು ಕ್ವಿಂಟಿಲಿಯನ್ ಎಂಬ ಅವರ ಆಚಾರ್ಯನು ವಿವರಿಸಿದ್ದಾನೆ.

ರವಿಕೀರ್ತಿಯ ಪದ್ಯದಲ್ಲಿ ಕೂವೆಮರವಿಲ್ಲ, ಹಗ್ಗವಿಲ್ಲ, ಹಾಯಿಯಿಲ್ಲ, ಹುಟ್ಟಿಲ್ಲ, ಅಂಬಿಗನೂ ಇಲ್ಲ. ಹಡಗಿನ ಒಂದು ಅಂಗವನ್ನಾದರೂ ಅವನು ಹೆಸರಿಸುವುದಿಲ್ಲ. ಇದು ಶಬ್ದದಾರಿದ್ರ್ಯವೆಂದು ಹೇಳಲಾಗದು. ಪಾಠಶಾಲೆಯ ಹುಡುಗರು ಇಂದಿಗೂ ಬಾಯಿಪಾಠ ಮಾಡುವ ಅಮರಕೋಶದ ವಾರಿವರ್ಗದಲ್ಲಿ ಈ ಶಬ್ದಗಳೆಲ್ಲವೂ ಇವೆ: ನೌ, ತರಣಿ, ತರಿ ಎಂದರೆ ನಾವೆ, ಉಡುಪ, ಪ್ಲವ, ಕೋಲ ಎಂದರೆ ತೆಪ್ಪ, ದ್ರೋಣಿಯೆಂದರೆ ಮರದ ದೋಣಿ, ಕೂಪಕ, ಗುಣವೃಕ್ಷಕ ಎಂದರೆ ಕೂವೆಮರ, ಕ್ಷೇಪಣಿಯೆಂದರೆ ಹುಟ್ಟು, ಕರ್ಣಧಾರನೆಂದರೆ ಚುಕ್ಕಾಣಿ ಹಿಡಿಯುವವನು, ಸಾಂಯಾತ್ರಿಕನೆಂದರೆ ಹಡಗಿನ ವ್ಯಾಪಾರಿ, ಸೇಕಪಾತ್ರವೆಂದರೆ ಒಳಗೆ ಬಂದ ನೀರನ್ನು ಮೊಗೆದು ಹೊರಚೆಲ್ಲುವ ಪಾತ್ರೆ, ಆತರವೆಂದರೆ ದಾಟಿಸಿದ್ದಕ್ಕೆ ಕೊಡುವ ಹಣ. ಶಬ್ದಗಳು ಕೈಯಲ್ಲಿದ್ದೂ ಕವಿಯು ಬಳಸಲಿಲ್ಲವೆಂದರೆ ಅವನು ಹಡಗನ್ನು ಒಳಗಿನಿಂದ ನೋಡಲಿಲ್ಲ, ದೂರದಿಂದ ನೋಡಿದನೆಂದು ತಿಳಿಯಬೇಕು. ದಂಡೆಯ ಮೇಲೆ ನಿಂತವನಿಗೆ ಕಾಣುವುದು ಸಾಲು, ಕಪ್ಪು, ತೂಗಾಟ, ಸಂಖ್ಯೆ. ಅಷ್ಟೇ ಪದ್ಯದಲ್ಲಿಯೂ ಇದೆ. ಬಯಲುಸೀಮೆಯ ಕೇಳುಗರಿಗೆ ಹಡಗಿನ ಅಂಗಗಳನ್ನು ಹೆಸರಿಸಿದರೆ ತಿಳಿಯುತ್ತಿರಲಿಲ್ಲ, ಆನೆಯೆಂದರೆ ತಿಳಿಯುತ್ತಿತ್ತು. ಈ ಅರಸನ ರಾಜ್ಯಕ್ಕೆ 641 ರ ಸುಮಾರಿಗೆ ಬಂದ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಅಲ್ಲಿ ನೂರಾರು ಯುದ್ಧದಾನೆಗಳಿದ್ದುವೆಂದೂ ಕಾಳಗಕ್ಕೆ ಮುಂಚೆ ಅವುಗಳಿಗೆ ಮದ್ಯವನ್ನು ಕುಡಿಸಿ ನುಗ್ಗಿಸುತ್ತಿದ್ದರೆಂದೂ ಬರೆದಿದ್ದಾನೆ. ಮದ್ದಾನೆಗಳ ಸಾಲೆಂಬುದು ಬಾದಾಮಿಯವರು ಕಣ್ಣಾರೆ ಕಂಡ ಸಂಗತಿ. ಕವಿಯು ಕಂಡುದರ ಮೂಲಕ ಕಾಣದುದನ್ನು ತೋರಿಸಿದನು.

ಹೀಗಿರಲು ಇದು ಬರಿಯ ಅಲಂಕಾರವೇ ಎಂಬ ಪ್ರಶ್ನೆಗೆ ಉತ್ತರವನ್ನು ಕಾಳಿದಾಸನಲ್ಲಿ ಹುಡುಕಬೇಕು. ತಾನು ಯಾರಿಗೆ ಸಮನೆಂದು ರವಿಕೀರ್ತಿಯು ಹೇಳಿಕೊಂಡನೋ ಆ ಕವಿಯ ರಘುವಂಶದ ನಾಲ್ಕನೆಯ ಸರ್ಗವು ದಿಗ್ವಿಜಯವರ್ಣನೆಗೆ ಮಾದರಿಯಾಗಿತ್ತು. ರಘುವು ಆನೆಗಳನ್ನು ಸೇತುವೆಯಾಗಿ ನಿಲ್ಲಿಸಿ ಕಪಿಶಾ ನದಿಯನ್ನು ದಾಟಿದನು. ಪುಲಕೇಶಿಯ ಮದ್ದಾನೆಗಳೂ ಕಾವೇರಿಗೆ ಸೇತುವೆಯಾಗಿ ಅದರ ನೀರನ್ನು ತಡೆದು, ಅದು ಸಮುದ್ರವನ್ನು ಸೇರದಂತೆ ಮಾಡಿದವು. ಕಾಳಿದಾಸನಲ್ಲಿಯೂ ಆನೆಗಳ ಮದದ ವಾಸನೆಯಿಂದ ಕಾವೇರಿಯು ಸಮುದ್ರರಾಜನ ಸಂಶಯಕ್ಕೆ ಒಳಗಾಗುತ್ತಾಳೆ. ಇಂಥ ಕಡೆ ರವಿಕೀರ್ತಿಯು ಹಿರಿಯ ಕವಿಯ ಹಾದಿಯನ್ನು ಹಿಡಿದಿದ್ದಾನೆಂದು ಒಪ್ಪಬೇಕು. ಆದರೆ ಹಡಗಿನ ವಿಷಯದಲ್ಲಿ ಹಾದಿಯು ಬೇರೆ. ರಘುವಂಶದಲ್ಲಿ ನಾವೆಗಳು ಶತ್ರುಗಳಾದ ವಂಗರವು. ರಘುವು ಅವರನ್ನು ಕಿತ್ತುಹಾಕುತ್ತಾನೆ. ಪಾರಸೀಕರ ಮೇಲೆ ಹೋಗುವಾಗ ಅವನು ಸ್ಥಲಮಾರ್ಗವನ್ನೇ ಹಿಡಿದನೆಂದು ಕಾಳಿದಾಸನು ಸ್ಪಷ್ಟವಾಗಿ ಹೇಳುತ್ತಾನೆ. ನಾಯಕನು ತಾನೇ ಹಡಗುಗಳನ್ನು ಹೂಡಿ ಸಮುದ್ರದ ಪಟ್ಟಣವನ್ನು ಮುತ್ತುವುದು ಆ ಮಾದರಿಯಲ್ಲಿಲ್ಲ. ಮಾದರಿಯಲ್ಲಿಲ್ಲದುದನ್ನು ಕವಿಯು ತಂದನೆಂದರೆ ಹಾಗೆ ನಡೆದುದು ಅವನಿಗೆ ತಿಳಿದಿತ್ತೆಂದೇ ಎಣಿಸುವುದು ನ್ಯಾಯ. ಮೇಲಾಗಿ ಮಂಗಳೇಶನು ಗೆದ್ದ ರೇವತೀದ್ವೀಪವನ್ನು ವೆಂಗುರ್ಲೆಯ ದಕ್ಷಿಣಕ್ಕಿರುವ ರೇಡಿಯೆಂದು ಗುರುತಿಸಲಾಗಿದೆ. ಶಕ 532 ರ, ಅಂದರೆ ಕ್ರಿ. ಶ. 610-11 ರ, ಗೋವೆಯ ತಾಮ್ರಶಾಸನದಲ್ಲಿ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನೆಂಬ ಅಧಿಕಾರಿಯು ಆ ರೇವತೀದ್ವೀಪದಲ್ಲಿದ್ದು ಆಳುತ್ತಿದ್ದುದು ಕಂಡುಬರುತ್ತದೆ. ಕರಾವಳಿಯಲ್ಲಿ ಚಲುಕ್ಯರಿಗೆ ಕಾಲೂರಲು ಸ್ಥಳವಿತ್ತೆಂಬುದಕ್ಕೆ ಇದು ಪದ್ಯವಲ್ಲದ ಸಾಕ್ಷಿ.

ಇನ್ನೊಂದು ಪಕ್ಷಕ್ಕೂ ಉತ್ತರವು ಶಬ್ದಗಳಲ್ಲಿಯೇ ಇದೆ. ಶತವು ಇಲ್ಲಿ ಬಹುವಚನದಲ್ಲಿದ್ದು ಅನೇಕವೆಂಬುದನ್ನು ಸೂಚಿಸುತ್ತದೆ, ಎಣಿಕೆಯ ಪಟ್ಟಿಯಲ್ಲ. ನೌ ಎಂಬುದು ಚಿಕ್ಕ ದೋಣಿಯಿಂದ ದೊಡ್ಡ ಹಡಗಿನವರೆಗೆ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಶಬ್ದ. ಹಡಗುಗಳು ಯಾರು ಕಟ್ಟಿದವು, ಅರಸನ ಸ್ವಂತದವೋ ಗೆದ್ದ ಕೊಂಕಣದ ವರ್ತಕರಿಂದ ಕೂಡಿಸಿದವೋ, ಯುದ್ಧವಾದ ಮೇಲೆ ಏನಾದವು ಎಂಬುದಾವುದನ್ನೂ ಪದ್ಯವು ಹೇಳುವುದಿಲ್ಲ. ಆದುದರಿಂದ ಕೊಂಕಣದ ಸಮುದ್ರದ ಪಟ್ಟಣವೊಂದನ್ನು ಪುಲಕೇಶಿಯು ಅನೇಕ ನಾವೆಗಳಿಂದ ಮುತ್ತಿ ಗೆದ್ದನೆಂಬುದನ್ನು ಇತಿಹಾಸವಾಗಿ ಸ್ವೀಕರಿಸಬಹುದು. ಸಮುದ್ರದ ಚಕ್ರಾಧಿಪತ್ಯವನ್ನು ಇದರಿಂದ ಕಟ್ಟಲಾಗದು. ಹೆಮ್ಮೆಪಡುವುದಕ್ಕೆ ಮೊದಲನೆಯದೇ ಸಾಕಾಗಿದೆ. ಎರಡನೆಯದನ್ನು ಕೂಡಿಸಿದರೆ ಮೊದಲನೆಯದಕ್ಕೂ ಸಂಶಯವು ತಗಲುವುದು.

ಐಹೊಳೆಗೂ ಸಮುದ್ರಕ್ಕೂ ಇರುವ ಸಂಬಂಧವು ಈ ಪದ್ಯದೊಂದಿಗೆ ಮುಗಿಯಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಇದೇ ಊರಿನ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ಮುಂದೆ ದಕ್ಷಿಣದ ದೇಶಗಳಲ್ಲೆಲ್ಲ ವ್ಯಾಪಿಸಿತು. ಸುಮಾತ್ರಾ ದ್ವೀಪದ ಬರೂಸ್ ಎಂಬಲ್ಲಿ ದೊರೆತ ಶಕ 1010 ರ, ಅಂದರೆ ಕ್ರಿ. ಶ. 1088 ರ, ತಮಿಳು ಶಾಸನದಲ್ಲಿ ಈ ಐನೂರ್ವರ ಹೆಸರಿದೆ. ಕಡಲನ್ನು ಕಾಣದ ಊರಿನ ಹೆಸರು ಕಡಲಿನಾಚೆಯ ಕಲ್ಲಿನ ಮೇಲೆ ನಿಂತಿತು.

ಓದುಗರಿಗೆ ಬೇಕಾದ ಶಬ್ದಗಳಲ್ಲಿ ಕೊನೆಯವು ಕೋಶದಲ್ಲಿಲ್ಲದೆ ನದಿಯ ದಡದಲ್ಲಿರುವಂಥವು. ಬಯಲುಸೀಮೆಯವರಿಗೆ ಸಮುದ್ರವು ದೂರವಾದರೂ ನೀರಿನ ಮೇಲಣ ಬಾಳುವೆಯು ಅಪರಿಚಿತವಾಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸರ ಪೇಯಿಸನು ತುಂಗಭದ್ರೆಯನ್ನು ದಾಟಿಸುತ್ತಿದ್ದ, ಬುಟ್ಟಿಯಂತೆ ದುಂಡಾದ, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ನಾವೆಗಳನ್ನು ಕಂಡು ಬೆರಗಾಗಿ ಬರೆದನು. ಅದೇ ನಮ್ಮ ಹರಿಗೋಲು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ತನ್ನ ಕಾಯಕದ ಹೆಸರನ್ನೇ ವಚನಗಳ ಅಂಕಿತವನ್ನಾಗಿ ಮಾಡಿಕೊಂಡನು. ದೋಣಿಯು ಸಂಸ್ಕೃತದ ದ್ರೋಣಿಯಿಂದ ಬಂತು. ಕೂವೆಯು ಕೂಪದಿಂದ ಬಂತು. ಲಂಗರು, ಬಂದರಗಳು ಪಾರಸೀಕರ ಮಾತಿನಿಂದಲೂ ಚುಕ್ಕಾಣಿಯು ಅರಬರ ಮಾತಿನಿಂದಲೂ ಬಂದು ಸೇರಿದವು. ಹುಟ್ಟು, ಹರಿಗೋಲು, ತೆಪ್ಪ ಇವು ಮನೆಯವೇ. ಯಾವ ಶಬ್ದವು ಎಲ್ಲಿಂದ ಬಂತೆಂಬುದನ್ನು ನೋಡಿದರೆ ಯಾರು ಯಾರೊಡನೆ ನೀರಿನ ಮೇಲೆ ವ್ಯವಹರಿಸಿದರೆಂಬುದರ ಚರಿತ್ರೆಯೇ ತೆರೆಯುತ್ತದೆ.

ನದಿಗಳಿಗೆ ಸೇತುವೆಗಳಾದುವು, ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಗಿ ಹಳೆಯ ಬಾಗಲಕೋಟೆಯ ಕೆಲಭಾಗವೇ ನೀರಿನಲ್ಲಿ ಮುಳುಗಿತು. ಕಡವುಗಳು ನಿಂತಂತೆ ಕಡವಿನ ಮಾತುಗಳೂ ನಿಲ್ಲುತ್ತವೆ. ಮೇಗುತಿಯ ಕಲ್ಲು ತನ್ನ ಶಬ್ದಗಳನ್ನು ಕಾಪಾಡಿಕೊಂಡಿದೆ. ಅಂಬಿಗರ ಬಾಯಲ್ಲಿರುವವನ್ನು ಕಾಪಾಡಲು ಕಲ್ಲಿಲ್ಲ. ಹುನಗುಂದ, ಬಾದಾಮಿ, ಬಾಗಲಕೋಟೆಗಳ ಶಾಲೆಗಳಲ್ಲಿ ರವಿಕೀರ್ತಿಯ ಪದ್ಯವನ್ನು ಹೇಳಿಕೊಡುವ ಅಧ್ಯಾಪಕರು ಅಮರಕೋಶದ ಶಬ್ದಗಳೊಂದಿಗೆ, ದೋಣಿ ನಡೆಸಿದ ಹಿರಿಯರಿಂದ ಕೇಳಿ ಅವರ ಶಬ್ದಗಳನ್ನೂ ಮಕ್ಕಳಿಂದ ಬರೆಯಿಸಿಡುವುದು ಒಳ್ಳೆಯದು. ಒಂದು ವರ್ಷದ ಬೇಸಗೆಯ ಬಿಡುವಿನಲ್ಲಿ ಆಗತಕ್ಕ ಕೆಲಸವಿದು. ಆ ಹಿರಿಯರ ತಲೆಮಾರು ಮುಗಿದ ಮೇಲೆ ಎಷ್ಟು ವರ್ಷಗಳಿದ್ದರೂ ಆಗಲಾರದು.